ಕುರಿ ಹಾಯುವ ಹೊಲ ಮಾರಿಸಿದ್ದು

ಬೇವಿನ ಮರ ಹೊಲದ ಮೂಡಣ ಬದುವಿನಲ್ಲಿದೆ ಎಂದು ನನ್ನ ಮೂಲಕ ಹೊಲ ಕೊಳ್ಳಹೊರಟಿದ್ದ ನರ್ಸ್‌ಗೆ ಹೇಳಿದ್ದೆ. ಎರಡನೇ ಸಲ ಹೋಗಿ ನೋಡಿದಾಗ ಅದು ಪಡುವಣ ಬದುವಿನಲ್ಲಿತ್ತು. ಮರವಂತೂ ಜಾಗ ಬದಲಿಸಿರಲಿಕ್ಕಿಲ್ಲ. ಮೊದಲ ಸಲ ಹೋದದ್ದು ಬೆಳಿಗ್ಗೆಯೋ ಸಂಜೆಯೋ, ನೆರಳು ಯಾವ ಕಡೆ ಬಿದ್ದಿತ್ತೋ, ಈಗ ಅದೂ ಖಾತ್ರಿಯಿಲ್ಲ. ಸಮಾಜಶಾಸ್ತ್ರದ ಎಂ.ಎ. ಓದುವಾಗ, ಜನ ನೆನಪಿನಿಂದ ಹೇಳಿದ್ದನ್ನು ಸಾಕ್ಷಿ ಎಂದು ಒಪ್ಪುವ ಮೊದಲು ತಾಳೆ ನೋಡಬೇಕು ಎಂದು ಕಲಿಸಿದ್ದರು. ಆ ಪಾಠ ನನಗೇ ಹೆಚ್ಚು ಅನ್ವಯಿಸುತ್ತದೆ ಎಂಬುದು ಜಮೀನು ಕೊಡಿಸುವ ದಲ್ಲಾಳಿ ಕೆಲಸಕ್ಕೆ ಇಳಿದ ಮೇಲೆ ತಿಳಿಯಿತು. ಹಾಗಾಗಿ ಇಲ್ಲಿ ಬರೆಯುವ ಮಾತುಗಳು ಅಕ್ಷರ ಬಿಡದೆ ಹೀಗೇ ಇದ್ದವು ಎಂದು ಆಣೆ ಮಾಡಲಾರೆ. ನಡೆದ ಕ್ರಮ ಮಾತ್ರ ಇದೇ. ಅದನ್ನು ಆಮೇಲೆ ಎಲ್ಲರನ್ನೂ ಕೇಳಿ ಸರಿಮಾಡಿಕೊಂಡಿದ್ದೇನೆ.

ನರ್ಸ್ ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದರು. ಊರು ಮಾನ್ವಿ. ತಾಯಿಯನ್ನು ಜೊತೆಗೆ ಕರೆದುಕೊಂಡು ನನ್ನ ಕೋಣೆಗೆ ಬಂದಾಗ, ಸೈಟೋ ಮನೆಯೋ ನೋಡಲು ಬಂದಿರಬೇಕು ಎಂದುಕೊಂಡು ಹೊಸ ಬಡಾವಣೆಯೊಂದರ ನಕ್ಷೆ ಬಿಚ್ಚಿದ್ದೆ.

"ಅದನ್ನ ಮಡಚಿ ಇಡ್ರಿ ಸರ್," ಎಂದರು ನರ್ಸ್. "ನಮಗ ಪ್ಲಾಟ್ ಬ್ಯಾಡ, ಮನಿ ಬ್ಯಾಡ. ಹೊಲ ಬೇಕು. ನಮ್ಮವ್ವನ ಹೆಸರಿಗೆ."

"ಎಷ್ಟು ಎಕರೆ ಬೇಕವ್ವಾ?" ಎಂದು ತಾಯಿಯನ್ನು ಕೇಳಿದೆ.

"ನನಗ ಒಂದು ಬದು ಬೇಕು ಯಪ್ಪಾ," ಎಂದಳು ಆಕೆ. "ಜಲ್ಮ ಪೂರಾ ಮಂದಿ ಗದ್ದ್ಯಾಗ ನಾಟಿ ಹಚ್ಚೀನಿ. ಉಣ್ಣಾಕಂತ ಬದುವಿನ ಮ್ಯಾಲೆ ಕುಂತ್ರ, ಏಳು, ಅತ್ತಾಗ ಹೋಗಿ ಕುಂದ್ರು ಅಂತಿದ್ರು. ಕುಂತಾಗ ಏಳು ಅನ್ನೋರು ಇರಬಾರದು, ಅಂಥಾ ಬದು. ಅದಕ್ಕ ಹೊಂದಿ ಎಷ್ಟು ಹೊಲ ಬರ್ತದೋ ಅಷ್ಟು ಬರಲಿ."

ನರ್ಸ್ ನಕ್ಕರು. ನಾನೂ ನಕ್ಕೆ. ತಾಯಿ ನಗಲಿಲ್ಲ.

ಮಾನ್ವಿ ಕಡೆ ನಾಲೆಯ ನೀರು ಹಾಯುವ ಗದ್ದೆಯ ಬೆಲೆ ಅವರ ಕೈಗೆ ಎಟುಕುವಂತಿರಲಿಲ್ಲ. ಎಟುಕುವಂಥ ಎರಡು ತುಂಡು ಸಿಕ್ಕಿದ್ದವು. ಎರಡೂ ಕಡೆ ಬೆಲೆಯ ಮಾತು ಮುಗಿದ ಮೇಲೆ ಮಾರುವವರು ಹಿಂದೆ ಸರಿದಿದ್ದರು. ಒಬ್ಬರು ಮಗ ಒಪ್ಪಲಿಲ್ಲ ಅಂದರು, ಇನ್ನೊಬ್ಬರು ಈ ವರ್ಷ ಬೇಡ ಅಂದರು. ಕೊಳ್ಳುವವರು ಯಾವ ಕೇರಿಯವರು ಎಂಬುದು ಗೊತ್ತಾದ ಮರುದಿನವೇ ಇಬ್ಬರಿಗೂ ಈ ಕಾರಣಗಳು ಹೊಳೆದಿದ್ದವು. ಮೊದಲು ಕೂಲಿ ಮಾಡುತ್ತಿದ್ದ ಕುಟುಂಬ. ತಂದೆಯ ಕಾಲದಲ್ಲೇ ಬೌದ್ಧರಾಗಿದ್ದರು. ಮಕ್ಕಳೆಲ್ಲ ಓದಿ ನೌಕರಿ ಹಿಡಿದಿದ್ದರು. ಕೇರಿಯ ಹೆಸರು ಮಾತ್ರ ಅವರಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಿರುತ್ತಿತ್ತು.

"ಈ ಸಲ ಮೊದಲೇ ಹೇಳಿಬಿಡ್ರಿ ಸರ್," ಎಂದಿದ್ದರು ನರ್ಸ್. "ಬ್ಯಾಡ ಅನ್ನೋರು ಮೊದಲೇ ಬ್ಯಾಡ ಅನ್ನಲಿ. ನಮ್ಮವ್ವಗ ಹೊಲ ತೋರಿಸಿ ಆಮ್ಯಾಲೆ ಕಸಗೊಂಡಂಗ ಆಗಬಾರದು."

ನಾನು ಒಪ್ಪಿದೆ. ಕೊಳ್ಳುವವರ ಕಡೆಯ ದಲ್ಲಾಳಿ ನಾನು ಎಂದಮೇಲೆ ಅವರು ಹೇಳು ಎಂದದ್ದನ್ನು ಹೇಳಬೇಕು, ಬೇಡ ಎಂದದ್ದನ್ನು ಬಿಡಬೇಕು. ಇಷ್ಟು ಸರಳವಾದ ಕೆಲಸ ಯಾಕೆ ಕಷ್ಟವಾಗುತ್ತದೆ ಎಂಬುದು ನಮ್ಮ ಕಡೆ ಜಮೀನು ಕೈ ಬದಲಾಗುವ ರೀತಿ ಗೊತ್ತಿದ್ದರೆ ಮಾತ್ರ ಅರ್ಥವಾಗುತ್ತದೆ.

ರಾಯಚೂರಿನ ದಲ್ಲಾಳಿಗೆ ದೇವದುರ್ಗದ ಹಳ್ಳಿಯಲ್ಲಿ ಯಾರು ಹೊಲ ಮಾರುತ್ತಾರೆಂದು ತಿಳಿಯುವುದಿಲ್ಲ. ಅದು ಅಲ್ಲಿನ ದಲ್ಲಾಳಿಗೆ ಗೊತ್ತು. ಹೀಗೆ ಕೊಳ್ಳುವವರ ಕಡೆ ಒಬ್ಬ, ಮಾರುವವರ ಕಡೆ ಒಬ್ಬ. ಬೆಲೆಯ ಮೇಲೆ ನೂರಕ್ಕೆ ಎರಡರಂತೆ ಆಯಾ ಕಡೆಯವರು ಕೊಡುವುದು ವಾಡಿಕೆ. ಒಬ್ಬನೇ ಇದ್ದರೆ ಎರಡೂ ಕಡೆ ಅವನೇ ಪಡೆಯುತ್ತಾನೆ. ಆಗ ಅವನು ಯಾರ ಪರ ಮಾತಾಡುತ್ತಾನೆ ಎಂದು ಕೇಳುವವರಿಲ್ಲ. ಇದಲ್ಲದೆ ಇನ್ನೊಂದು ಪದ್ಧತಿಯಿದೆ. ಮಾರುವವರು "ನನ್ನ ಕೈಗೆ ಇಷ್ಟು ಬಂದರೆ ಸಾಕು" ಎನ್ನುತ್ತಾರೆ. ಅದರ ಮೇಲೆ ಎಷ್ಟಕ್ಕೆ ಕುದುರಿದರೂ ಆ ಹೆಚ್ಚಿನದು ದಲ್ಲಾಳಿಯದು. ಅದನ್ನು ನಾವು "ಮೇಲಿನದು" ಅನ್ನುತ್ತೇವೆ. ಮೇಲಿನದು ಸಿಗಬೇಕಾದರೆ ಮಾರುವವರೂ ಕೊಳ್ಳುವವರೂ ಒಬ್ಬರನ್ನೊಬ್ಬರು ಭೇಟಿಯಾಗಬಾರದು. ಅದಕ್ಕೇ ಟೋಕನ್, ಅಂದರೆ ಮುಂಗಡದ ಮೊದಲ ಹಣ, ಕೈ ಸೇರುವವರೆಗೆ ಇಬ್ಬರನ್ನೂ ದೂರ ಇಡುವುದು ನಮ್ಮ ದಂಧೆಯಲ್ಲಿ ಎಲ್ಲರೂ ಪಾಲಿಸುವ ನಿಯಮ.

ದೇವದುರ್ಗದ ದಲ್ಲಾಳಿ ಫೋನ್ ಮಾಡಿದ್ದು ಬೇಸಿಗೆಯ ಶುರುವಿನಲ್ಲಿ. ಮಸರಕಲ್ ದಾಟಿ ಒಳಗಿನ ಹಳ್ಳಿಯೊಂದರಲ್ಲಿ ಕುರಿ ಸಾಕುವ ಹಿರಿಯನೊಬ್ಬ ದೂರದ ಹೊಲ ಮಾರಿ, ಕುರಿ ಹಟ್ಟಿಯ ಹತ್ತಿರದ ಹೊಲ ಕೊಳ್ಳಬೇಕೆಂದಿದ್ದಾನೆ. ಕರಿ ನೆಲ, ಒಂದು ಕಡೆ ಹಳ್ಳ, ರಸ್ತೆಗೆ ಹತ್ತಿರ ಅಂದ. ನಾನು ಬಸ್ ಹತ್ತಿ ಹೋದೆ. ಹೊಲ ನೋಡಿ, ಬೇವಿನ ಮರದ ದಿಕ್ಕು ತಪ್ಪಾಗಿ ನೆನಪಿಟ್ಟುಕೊಂಡು, ವಾಪಸು ಬರುವಾಗ ರಸ್ತೆ ಬದಿಯ ಚಹಾದಂಗಡಿಯಲ್ಲಿ ಹಿರಿಯನನ್ನು ಅರೆಗಳಿಗೆ ಕಂಡೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ದಲ್ಲಾಳಿ ನಮ್ಮಿಬ್ಬರ ನಡುವೆಯೇ ಕುಳಿತಿದ್ದ. ಹಿರಿಯ ನನ್ನ ಕಡೆ ಬಾಗಿ, "ಬ್ಯಾಸಗ್ಯಾಗ," ಎಂದು ಏನೋ ಹೇಳಹೊರಟ. ದಲ್ಲಾಳಿ, "ಮಾವ, ನಿನ್ನ ಚಾ ಆರಾಕತ್ತದ," ಎಂದು ಲೋಟ ಕೈಗಿತ್ತ. ಅಷ್ಟರಲ್ಲಿ ನನ್ನ ಬಸ್ ಬಂತು.

"ಕೊಳ್ಳೋರು ಯಾರಂತ ಅವರಿಗೆ ಹೇಳಿಬಿಡಪ್ಪಾ," ಎಂದು ದಲ್ಲಾಳಿಗೆ ಹೇಳಿ ಹತ್ತಿದೆ.

"ಅದೆಲ್ಲಾ ಹೇಳೀನ್ರಿ ಸರ್ರ, ನೀವು ನಿಶ್ಚಿಂತಿ ಇರ್ರಿ," ಎಂದ.

ಮುಂದಿನ ವಾರಗಳು ಕಾಗದ ನೋಡುವುದರಲ್ಲಿ ಹೋದವು. ಪಹಣಿ ಹಿರಿಯನ ಹೆಸರಿನಲ್ಲಿತ್ತು. ಹಳೆಯ ಪಹಣಿಗಳನ್ನೂ ಹಕ್ಕು ಬದಲಾವಣೆಯ ನಕಲುಗಳನ್ನೂ ತೆಗೆಸಿ, ಇದು ಸರ್ಕಾರ ಯಾರಿಗೋ ಮಂಜೂರು ಮಾಡಿದ ಜಮೀನು ಅಲ್ಲ ಎಂದು ಖಾತ್ರಿ ಮಾಡಿಕೊಂಡೆ. ಅಂಥದ್ದಾಗಿದ್ದರೆ ಅನುಮತಿಯಿಲ್ಲದೆ ಕೊಂಡವರಿಗೆ ಮುಂದೊಂದು ದಿನ ಕಳೆದುಕೊಳ್ಳುವ ಭಯವಿರುತ್ತದೆ. ಹೊಲದ ಮೇಲೆ ಬ್ಯಾಂಕಿನ ಸಾಲದ ಬೋಜಾ ಇರಲಿಲ್ಲ. ವಕೀಲರು ಒಂದೇ ತಕರಾರು ಎತ್ತಿದರು: ಇದು ತಂದೆಯಿಂದ ಬಂದ ಆಸ್ತಿ, ಹಿರಿಯನ ತಮ್ಮನ ಸಹಿಯೂ ಬೇಕು. ದೇವದುರ್ಗದ ದಲ್ಲಾಳಿ, "ತಮ್ಮನ್ನ ನಾ ನೋಡ್ಕೋತೀನಿ," ಎಂದ.

ನರ್ಸ್ ಉಳಿತಾಯದ ಜೊತೆಗೆ ಸಾಲಕ್ಕೂ ಅರ್ಜಿ ಹಾಕಿದರು. ಟೋಕನ್ ಕೊಡುವ ದಿನ ಗೊತ್ತಾಯಿತು. ತಾಯಿ ಮಾನ್ವಿಯಲ್ಲಿ ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಿದ್ದಾಳೆಂದು ಮಗಳು ಫೋನಿನಲ್ಲಿ ಹೇಳಿದಾಗ ನನಗೆ ಚಹಾದಂಗಡಿಯ ಆ ಅರ್ಧ ಮಾತು ನೆನಪಾಯಿತು.

ಆ ಹಿರಿಯ ಬೇಸಿಗೆಯ ಬಗ್ಗೆ ಏನು ಹೇಳಹೊರಟಿದ್ದ?

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಸ್ಟೇಶನ್ ರಸ್ತೆಯುದ್ದಕ್ಕೂ ಅತ್ತಿಂದಿತ್ತ ಓಡಾಡುತ್ತ ನೆನಪು ಮಾಡಿಕೊಳ್ಳಲು ನೋಡಿದೆ. ಮೊದಲು ನೀರು ಎಂದು ನೆನಪಾಯಿತು. ಆಮೇಲೆ ಬಿಸಿಲು ಎಂದಿರಬಹುದು ಅನ್ನಿಸಿತು. ಬೇಕಾದದ್ದನ್ನು ನೆನಪೇ ಹುಟ್ಟಿಸಿಕೊಡುತ್ತಿದೆ ಎಂಬುದು ಗೊತ್ತಾಗುವಷ್ಟು ಓದು ನನಗಿತ್ತು. ಮರದ ದಿಕ್ಕನ್ನೇ ತಿರುಗಿಸಿದ ತಲೆ, ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಮಾಡಿಕೊಡುತ್ತದೆಯೇ? ಇನ್ನೊಂದು ಅನುಮಾನವೂ ಕಾಡಿತು. ಕೊಳ್ಳುವವರು ಯಾರೆಂದು ಹೇಳಿದ್ದೇನೆ ಎಂದು ದಲ್ಲಾಳಿ ಹೇಳಿದ್ದ. ಹೇಳಿದ್ದನ್ನು ನಾನು ನೋಡಿರಲಿಲ್ಲ. ನನ್ನ ಕಕ್ಷಿದಾರರ ಬಗ್ಗೆ ನನಗೆ ಗೊತ್ತಿದ್ದದ್ದು ಮಾರುವವನಿಗೆ ಮುಟ್ಟಿದೆಯೋ ಇಲ್ಲವೋ, ಮಾರುವವನಿಗೆ ಗೊತ್ತಿರುವುದು ನನ್ನ ಕಕ್ಷಿದಾರರಿಗೆ ಮುಟ್ಟಿದೆಯೋ ಇಲ್ಲವೋ, ಎರಡೂ ಒಬ್ಬನೇ ಮನುಷ್ಯನ ಬಾಯಿಯ ಮೇಲೆ ನಿಂತಿದ್ದವು.

ದಲ್ಲಾಳಿಗೆ ಫೋನ್ ಮಾಡಿದೆ. "ಟೋಕನ್‌ಗಿಂತ ಮೊದಲು ಇಬ್ಬರನ್ನೂ ಹೊಲದಲ್ಲಿ ಕೂಡಿಸೋಣ."

"ಸರ್ರ, ಮೈಯಾಗ ಆರಾಮ ಅದ ಇಲ್ಲ?" ಎಂದು ಕೇಳಿದ.

"ಆರಾಮ ಅದ. ಆ ದಿನ ಹಿರಿಯರು ಬೇಸಿಗೆ ಅಂತ ಏನೋ ಹೇಳಾಕ ಹೊಂಟಿದ್ರಲ್ಲ?"

"ಏನಿಲ್ಲ ಬಿಡ್ರಿ. ಬ್ಯಾಸಗಿ ಅಂದ್ರ ಬಿಸಿಲು ಅಂದಿರ್ತಾನ. ನೀವು ಎಂ.ಎ. ಓದೀರಿ ಖರೆ, ದಂಧಾ ಓದಿಲ್ಲ. ಇವರ ಮಾರಿ ಅವರು ನೋಡಿದ್ರಂದ್ರ ಮುಗೀತು. ನಂಬರ್ ತಗೋತಾರ. ನಮ್ಮನ್ನ ಬಿಟ್ಟು ಸೀದಾ ಆಫೀಸಿಗೆ ಹೋಗಿ ರಿಜಿಸ್ಟರ್ ಮಾಡ್ಕೋತಾರ. ನಾವಿಬ್ಬರು ಹೊರಗ ಚಾ ಕುಡಕೋತ ಕುಂದ್ರಬೇಕು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗೆ ಕೈಬಿಟ್ಟವರನ್ನು ನಾನೂ ಕಂಡಿದ್ದೆ. ನಮ್ಮ ದುಡಿತಕ್ಕೆ ಕೂಲಿ ಕೊನೆಗೆ ಸಿಗುವುದು. ನಡುವೆ ಬಿಟ್ಟುಹೋದರೆ ತಿರುಗಿದ ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ಆ ತಿಂಗಳು ಬೇರೆ ವ್ಯವಹಾರ ಯಾವುದೂ ನನ್ನ ಕೈಯಲ್ಲಿರಲಿಲ್ಲ. ಆದರೂ ಮೂರನೇ ಸಲ ಆ ತಾಯಿಗೆ ಹೊಲ ತೋರಿಸಿ ಕಸಿದುಕೊಳ್ಳುವುದಕ್ಕೆ ನಾನು ಕೈ ಹಚ್ಚಬಾರದು ಅನ್ನಿಸಿತು. ಟೋಕನ್ ಹೋದ ಮೇಲೆ ಮುರಿದರೆ ಹಣವೂ ಸಿಕ್ಕಿಹಾಕಿಕೊಳ್ಳುತ್ತದೆ. ಮುರಿಯುವುದಿದ್ದರೆ ಈಗಲೇ ಮುರಿಯಲಿ.

"ನೀ ಬರದಿದ್ರ ನಾನೇ ಅವರನ್ನ ಕರಕೊಂಡು ಹಟ್ಟಿಗೆ ಹೋಗ್ತೀನಿ," ಎಂದೆ.

"ಬರ್ತೀನಿ ತಗೋರಿ," ಎಂದ, ಹಲ್ಲು ಕಡಿದಂತೆ. "ನಾ ಇಲ್ಲದಾಗ ನೀವು ಏನೇನು ಮಾತಾಡ್ತೀರೋ ಯಾರಿಗೆ ಗೊತ್ತು."

ತಾಯಿ ಮಾನ್ವಿಯಿಂದ ಸಿರವಾರದ ಮೇಲೆ ಬಂದಳು. ನರ್ಸ್ ಮತ್ತು ನಾನು ರಾಯಚೂರಿನಿಂದ. ಮಸರಕಲ್‌ನಲ್ಲಿ ಕೂಡಿಕೊಂಡು ಒಂದು ಆಟೋ ಮಾಡಿಕೊಂಡು ಹೋದೆವು. ಹಿರಿಯ ಬೇವಿನ ಮರದ ಕೆಳಗೆ ಕುಳಿತಿದ್ದ. ಪಡುವಣ ಬದುವಿನಲ್ಲಿ. ದಲ್ಲಾಳಿ ಬಿಸಿಲಿನಲ್ಲೇ ನಿಂತು ಮೊಬೈಲ್ ನೋಡುತ್ತಿದ್ದ.

ತಾಯಿ ಯಾರ ಜೊತೆಯೂ ಮಾತಾಡದೆ ನೇರ ಹೊಲದೊಳಗೆ ಇಳಿದಳು. ಬೆಳೆ ತೆಗೆದು ಖಾಲಿಯಾಗಿತ್ತು. ನಡುವಿನವರೆಗೆ ಹೋಗಿ ನಿಂತು, ಕಾಲಿನಿಂದ ಏನೋ ಕೆದರಿ, ಅಲ್ಲಿಂದಲೇ ಕೂಗಿದಳು.

"ಇಲ್ಲಿ ನಡುವ ಉದ್ದಕ್ಕ ನೆಲ ಗಟ್ಟಿ ಆಗ್ಯದಲ್ಲ. ಕುರಿ ಹಿಕ್ಕಿ ಬಿದ್ದಾವ."

"ಎಲ್ಲಿಂದಾನೋ ಬಂದಿರ್ತಾವ ಯವ್ವಾ," ಎಂದ ದಲ್ಲಾಳಿ.

ಹಿರಿಯ ಅವನ ಕಡೆ ನೋಡಿದ. "ಎಲ್ಲಿಂದಾನೋ ಅಲ್ಲಲೇ. ನಮ್ಮ ಹಟ್ಟಿಂದ ಬಂದಾವ. ನಿನ್ನ ಮುಂದ ಎಷ್ಟು ಸರ್ತಿ ಹೇಳೀನಿ?" ಆಮೇಲೆ ತಾಯಿಯ ಕಡೆ ತಿರುಗಿದ. "ಬ್ಯಾಸಗ್ಯಾಗ ನಮ್ಮ ಕುರಿ ಹಳ್ಳಕ್ಕ ನೀರಿಗೆ ಹೋಗೋ ದಾರಿ ಇದೇ ಯವ್ವಾ. ನಮ್ಮಪ್ಪನ ಕಾಲದಿಂದ ಇದೇ. ಹೊಲ ಕೊಡ್ತೀನಿ, ದಾರಿ ಕೊಡಂಗಿಲ್ಲ ಅಂತ ಮೊದಲನೇ ದಿನಾನೇ ಇವನಿಗೆ ಹೇಳೀನಿ."

ಬೇಸಿಗೆ ಎಂದದ್ದು ಇದು. ನನ್ನ ನೆನಪಿಗೆ ನೀರು ಬಂದಿತ್ತು, ಕುರಿ ದಾರಿ ಯಾವ ರೂಪದಲ್ಲೂ ಬಂದಿರಲಿಲ್ಲ.

ನರ್ಸ್ ನನ್ನ ಮುಖ ನೋಡಿದರು. "ನಿಮಗ ಗೊತ್ತಿತ್ತೇನು ಸರ್?"

"ಇಲ್ಲ. ನನಗ ಗೊತ್ತಿಲ್ಲದ್ದು ಏನೋ ಅದ ಅನ್ನಿಸ್ತು. ಅದಕ್ಕೇ ಇಲ್ಲಿಗೆ ಕರಕೊಂಡು ಬಂದೆ."

ತಾಯಿ ನಿಧಾನ ನಡೆದು ಬಂದು ನೆರಳಿನ ಅಂಚಿನಲ್ಲಿ ನಿಂತಳು. ಕುಳಿತುಕೊಳ್ಳಲಿಲ್ಲ. ಅದನ್ನು ನಾನು ಗಮನಿಸಿದೆ. ಬಹುಶಃ ಹಿರಿಯನೂ ಗಮನಿಸಿದ.

"ಯಾವೂರವ್ವಾ ನಿಮ್ಮದು? ಯಾರ ಪೈಕಿ?"

ದಲ್ಲಾಳಿ ಜೋರಾಗಿ ಕೆಮ್ಮಿದ. ತಾಯಿ ಊರು ಹೇಳಿದಳು, ಕೇರಿ ಹೇಳಿದಳು, ಗಂಡನ ಹೆಸರು ಹೇಳಿದಳು. ಮೂರನ್ನೂ ಒಂದೇ ಉಸಿರಿನಲ್ಲಿ, ತಲೆಯ ಮೇಲಿನ ಹೊರೆಯನ್ನು ಕೆಳಗಿಟ್ಟ ಹಾಗೆ.

ಹಿರಿಯ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದವನು ನಿಲ್ಲಿಸಿದ. "ಇದನ್ನ ನನಗ್ಯಾಕ ಹೇಳಲಿಲ್ಲ?" ಎಂದು ದಲ್ಲಾಳಿಯನ್ನು ಕೇಳಿದ.

"ನೀ ಕೇಳಲಿಲ್ಲ ಮಾವ."

"ಕೇಳೀನಿ. ರಾಯಚೂರಿನ ನರ್ಸ್ ಅಂತಂದಿ. ನರ್ಸ್ ಅನ್ನೋ ಜಾತಿ ಎಲ್ಲಿ ಅದ ಲೇ?"

ನರ್ಸ್‌ಗೆ ನಗು ತಡೆಯಲಾಗಲಿಲ್ಲ. ಆ ಸ್ಥಿತಿಯಲ್ಲಿ ನಗಬಹುದೆಂದು ನನಗೆ ಗೊತ್ತಿರಲಿಲ್ಲ. ಆದರೆ ಹಿರಿಯ ನಗಲಿಲ್ಲ. "ಈ ಕಡಿ ಹೊಲ ನನ್ನ ತಮ್ಮಂದು," ಎಂದ. "ಆ ಕಡಿದು ನಮ್ಮ ದಾಯಾದಿಗಳದ್ದು. ನಾಳೆ ನನಗ ಮಾತು ಬರ್ತಾವ."

"ಮಾತು ಬರ್ತಾವ ಅಂದ್ರ ಈಗೇ ಹೇಳಿಬಿಡಪ್ಪಾ," ಎಂದಳು ತಾಯಿ. "ಮಾನ್ವಿಗೆ ಹೋಗಾಕ ಇನ್ನೂ ಬಸ್ ಅದ."

ಹಿರಿಯ ಎದ್ದು ಹಳ್ಳದ ಕಡೆ ನಡೆದ. ನಾವು ಅಲ್ಲೇ ನಿಂತೆವು. ದಲ್ಲಾಳಿ ನನ್ನ ಕಿವಿಯ ಹತ್ತಿರ ಬಂದು, "ಆತಲ್ಲ ಸರ್ರ, ನಿಮ್ಮ ಮನಸಿಗೆ ಬಂದಂಗ ಆತಲ್ಲ," ಎಂದ. ಕಾಲು ಸುಮ್ಮನಿರದೆ ಬದುವಿನುದ್ದಕ್ಕೂ ನಡೆದು ತಿರುಗಿ ಬಂದೆ. ನನ್ನ ಕೂಲಿ ಹೋಯಿತು ಎಂದು ಆಗ ಅನ್ನಿಸಿತೋ ಇಲ್ಲವೋ ನೆನಪಿಲ್ಲ, ಅನ್ನಿಸಿರಲೇಬೇಕು. ನೆನಪಿರುವುದು ತಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಆ ಗಟ್ಟಿ ನೆಲದ ದಾರಿಯನ್ನೇ ನೋಡುತ್ತಿದ್ದದ್ದು.

ಹಿರಿಯ ತಿರುಗಿ ಬಂದ. ದೂರದಿಂದಲೇ ಕೇಳಿದ. "ದಾರಿ ಬಿಡ್ತಿಯೇನವ್ವಾ?"

"ದಾರಿ ಬಿಡ್ತೀನಿ. ನೀ ಏನು ಬಿಡ್ತಿ?"

"ನಾ ಏನು ಬಿಡ್ಲಿ?"

"ಬೆಳಿ ತಗದ ಮ್ಯಾಲೆ ನಿನ್ನ ಹಿಂಡು ನನ್ನ ಹೊಲದಾಗ ತರುಬಬೇಕು. ಹೊಲ ಪೂರಾ ಗೊಬ್ಬರ ಬೀಳೂತನಕ. ಅದಕ್ಕ ನಾ ರೊಕ್ಕಾ ಕೊಡಂಗಿಲ್ಲ."

ರಾತ್ರಿ ಹೊಲದಲ್ಲಿ ಕುರಿ ತರುಬಿದರೆ, ಅಂದರೆ ಕೂಡಿಹಾಕಿ ನಿಲ್ಲಿಸಿದರೆ, ಗೊಬ್ಬರವಾಗುತ್ತದೆ. ಅದಕ್ಕೆ ಹೊಲದವರು ಕುರಿಯವರಿಗೆ ಹಣವನ್ನೋ ಕಾಳನ್ನೋ ಕೊಡುವುದು ನಮ್ಮ ಕಡೆಯ ರೂಢಿ. ಪುಕ್ಕಟೆಗೆ ಯಾರೂ ತರುಬುವುದಿಲ್ಲ.

"ಪುಕ್ಕಟೆನಾ?" ಎಂದ ಹಿರಿಯ.

"ನಿನ್ನ ಕುರಿ ಪುಕ್ಕಟೆ ಹಾಯೂದಿಲ್ಲೇನು ನನ್ನ ಹೊಲದಾಗ?"

"ಯವ್ವಾ, ಹೊಲ ಇನ್ನೂ ನಿನ್ನದಾಗಿಲ್ಲ!"

"ಮತ್ತ ಮಾಡಿಕೊಡು."

ಆಗ ಹಿರಿಯ ನಕ್ಕ. ಕಂಬಳಿ ಕೊಡವಿ ನೆರಳಿಗೆ ಹಾಸಿ, "ಕುಂದರವ್ವಾ ತಂಗಿ, ಎಷ್ಟೊತ್ತು ನಿಂತಿರ್ತಿ," ಎಂದ. ಆಕೆ ಕಂಬಳಿಯ ಮೇಲೆ ಕೂರಲಿಲ್ಲ. ಬದುವಿನ ಮೇಲೆ ಕೂತಳು.

ಬೆಲೆಯ ಮಾತು ಎದ್ದದ್ದು ಅದಾದ ಮೇಲೆ. ಹಿರಿಯ ತನ್ನ ಕೈಗೆ ಎಕರೆಗೆ ಇಷ್ಟು ಬರಬೇಕೆಂದ. ಅದು ದಲ್ಲಾಳಿ ನಮಗೆ ತಿಳಿಸಿದ್ದಕ್ಕಿಂತ ಕಡಿಮೆಯಿತ್ತು. ನರ್ಸ್ ನನ್ನನ್ನೂ ದಲ್ಲಾಳಿಯನ್ನೂ ಒಂದೇ ನೋಟದಲ್ಲಿ ನೋಡಿ, "ನಡುವಿಂದು ಯಾರದು ಸರ್?" ಎಂದರು. ಮೇಲಿನದು ಅಂದರೇನು, ಅದು ಹೇಗೆ ಹುಟ್ಟುತ್ತದೆ ಎಂದು ಬಿಡಿಸಿ ಹೇಳಿದೆ. ಅದರಲ್ಲಿ ನನಗೆ ಪಾಲಿಲ್ಲ ಎಂದದ್ದನ್ನು ಅವರು ನಂಬಬೇಕಾಗಿರಲಿಲ್ಲ, ನಂಬಿದರು. ಆಮೇಲೆ ನನಗೆ ಸರಿ ಕಂಡದ್ದನ್ನು ಮುಂದಿಟ್ಟೆ. ಬೆಲೆ ಹಿರಿಯರು ಹೇಳಿದ್ದೇ ಇರಲಿ. ಅದರ ಮೇಲೆ ನನ್ನ ದಲ್ಲಾಳಿ ಹಣ ನರ್ಸ್ ಕೊಡಲಿ, ದೇವದುರ್ಗದವನದ್ದು ಹಿರಿಯರು ಕೊಡಲಿ, ವಾಡಿಕೆಯ ಪ್ರಕಾರ, ಎಲ್ಲರ ಎದುರಿಗೆ.

ದೇವದುರ್ಗದ ದಲ್ಲಾಳಿಯ ಮುಖ ಸಣ್ಣದಾಯಿತು. "ಬಿಸಿಲಾಗ ಇಷ್ಟು ದಿನ ತಿರಿಗೀನಿ ಮಾವ. ಚಪ್ಪಲಿ ಸವೆದು ಹೋಗ್ಯಾವ. ಇಷ್ಟಕ್ಕೇನಾ?"

"ತಿರುಗಿದ್ದಕ್ಕ ಕೊಡ್ತೀನಲೇ," ಎಂದ ಹಿರಿಯ. "ಮುಚ್ಚಿಟ್ಟಿದ್ದಕ್ಕ ಕೊಡಂಗಿಲ್ಲ."

ಆ ಮಾತನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ನಮ್ಮ ಕೆಲಸಕ್ಕೆ ಜನ ಏಕೆ ಹಣ ಕೊಡಬೇಕು ಎಂಬ ಪ್ರಶ್ನೆಗೆ ನನ್ನ ಬಳಿ ಅದಕ್ಕಿಂತ ಚಿಕ್ಕ ಉತ್ತರವಿಲ್ಲ.

ದಲ್ಲಾಳಿಯನ್ನು ಇಲ್ಲಿಗೇ ಬಿಟ್ಟರೆ ಅನ್ಯಾಯವಾಗುತ್ತದೆ. ಸಿಟ್ಟಿನಲ್ಲಿ ಅವನು ಎದ್ದು ಹೋಗುತ್ತಾನೆ ಎಂದುಕೊಂಡಿದ್ದೆ. ಹೋಗಲಿಲ್ಲ. ಟೋಕನ್ ಆಯಿತು, ಸರ್ವೆಗೆ ಅರ್ಜಿ ಬಿತ್ತು, ಸರ್ವೇಯರ್ ಬರುತ್ತೇನೆಂದು ಎರಡು ಸಲ ತಪ್ಪಿಸಿದ. ಪ್ರತಿ ಸಲವೂ ಹೋಗಿ ಕಾದವನು ಆ ದಲ್ಲಾಳಿಯೇ. ಕೊನೆಗೆ ಅಳತೆ ಮುಗಿಯಿತು ಎನ್ನುವಾಗ ಹಿರಿಯನ ತಮ್ಮ ಸಹಿ ಹಾಕುವುದಿಲ್ಲ ಎಂದ. ಕೊಳ್ಳುವವರು ಯಾರೆಂದು ಅವನಿಗೆ ಆಗ ತಿಳಿದಿತ್ತು. ಕಾರಣ ಅದೇ ಎಂದು ಬಾಯಿಬಿಟ್ಟು ಹೇಳಲಿಲ್ಲ; ಅಣ್ಣ ಕೇಳದೆ ಮಾತು ಕೊಟ್ಟ ಎಂದ.

ನಾನು ಹೋಗಿ ಕಾನೂನು ಹೇಳಿದೆ. ತಮ್ಮ ನನಗೆ ಮಜ್ಜಿಗೆ ಕೊಟ್ಟು ಕಳಿಸಿದ. ನರ್ಸ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. "ಅವ್ವಗ ಈಗ ಹೇಳಬ್ಯಾಡ್ರಿ," ಎಂದಷ್ಟೇ ಅಂದರು.

ಎರಡು ದಿನದ ಮೇಲೋ ಮೂರು ದಿನದ ಮೇಲೋ ದೇವದುರ್ಗದ ದಲ್ಲಾಳಿ ಫೋನ್ ಮಾಡಿದ. "ಸರ್ರ, ತಮ್ಮ ಒಪ್ಪ್ಯಾನ."

"ಏನು ಹೇಳಿದಿ ಅವನಿಗೆ?"

"ಹೇಳೂದೇನು. ನಿನ್ನ ಕುರಿ ಎಲ್ಲಿ ನೀರು ಕುಡೀತಾವ ಮಾವ ಅಂದೆ. ಆ ಹಳ್ಳದಾಗ ಅಂದ. ನಿಮ್ಮಣ್ಣ ನಾಳೆ ರಾಯಚೂರಿನ ಸಾವಕಾರಗ ಮಾರಿದ ಅಂದ್ರ ಆತ ತಂತಿ ಬೇಲಿ ಹಾಕ್ತಾನ. ಈಯವ್ವ ಕಾಗದದಾಗೇ ದಾರಿ ಬರದುಕೊಡ್ತಾಳ, ನಿನ್ನ ಕುರಿಗೂ ಸೇರಿಸಿ. ಯಾರು ಬೇಕು ಹೇಳು ಅಂದೆ."

"ತಮ್ಮನ ಕುರಿಗೂ ಸೇರಿಸಿ ಅಂತ ತಾಯಿ ಹೇಳಿದ್ಲಾ?"

"ಕೇಳೇ ಬಂದೀನ್ರಿ. ಮಾನ್ವಿಗೆ ಹೋಗಿದ್ದೆ. ಊಟ ಹಾಕಿದ್ಲು." ಆಮೇಲೆ, "ಈ ಸಲ ಏನೂ ಮುಚ್ಚಿಟ್ಟಿಲ್ಲ ನೋಡ್ರಿ ಸರ್ರ," ಎಂದ. ಅವ್ವನಿಗೆ ಹೇಳಬೇಡಿ ಎಂದಿದ್ದ ಮಗಳಿಗೆ ನಾನು ಆಮೇಲೆ ಸಮಜಾಯಿಷಿ ಕೊಡಬೇಕಾಯಿತು. ಅವರು ಬೈಯಲಿಲ್ಲ.

ಬಚ್ಚಿಟ್ಟರೆ ಮಾತ್ರ ಹೊಲ ಮಾರಾಟವಾಗುತ್ತದೆ ಎಂದು ಅವನು ಅಂದುಕೊಂಡಿದ್ದ ಆ ದಾರಿಯೇ ಕೊನೆಗೆ ಸಹಿ ತಂದುಕೊಟ್ಟಿತು.

ಕಾಗದ ಬರೆಯುವಾಗ ಬಾಂಡ್ ರೈಟರ್ ತಲೆ ಕೆರೆದುಕೊಂಡ. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆದಾಗಿತ್ತು. ಕುರಿ ದಾರಿಯನ್ನು ಎಷ್ಟು ಅಗಲ ಎಂದು ಬರೆಯಬೇಕು? ಹಿರಿಯ ಎರಡೂ ಕೈ ಚಾಚಿ ತೋರಿಸಿದ. "ಅಜ್ಜಾ, ನಿನ್ನ ಕೈ ಉದ್ದ ಸರ್ಕಾರಕ್ಕ ಗೊತ್ತಿಲ್ಲ," ಎಂದ ಬಾಂಡ್ ರೈಟರ್. ಕೊನೆಗೆ ಒಂದು ಬಂಡಿ ಸಲೀಸಾಗಿ ಹೋಗುವಷ್ಟು ಎಂದು ಮಾತಾಗಿ, ಅದನ್ನು ಅಡಿಗಳ ಲೆಕ್ಕಕ್ಕೆ ಇಳಿಸಿ, ನಕ್ಷೆಯಲ್ಲಿ ಗುರುತು ಮಾಡಿಸಿದೆವು. ಪಡುವಣ ಬದುವಿನ ಬೇವಿನ ಮರದಿಂದ ಹಳ್ಳದವರೆಗೆ. ಮೂಡಣವೋ ಪಡುವಣವೋ ಎಂದು ಮೂವರನ್ನು ಬೇರೆ ಬೇರೆಯಾಗಿ ಕೇಳಿ ಬರೆಸಿದೆ. ಬಾಂಡ್ ರೈಟರ್ ನನ್ನನ್ನು ವಿಚಿತ್ರವಾಗಿ ನೋಡಿದ.

ನೋಂದಣಿಯ ದಿನ ಬೆಳಿಗ್ಗೆ ಗಿಲ್ಲೆಸುಗೂರಿನಲ್ಲಿ ಬೇರೆಯವರಿಗೆ ಹೊಲ ತೋರಿಸಲು ಹೋಗಿದ್ದೆ. ಅಲ್ಲಿಂದ ರಾಯಚೂರಿಗೆ ಬರುವುದೇ ತಡವಾಯಿತು. ದೇವದುರ್ಗದ ಬಸ್ಸು ತುಂಬಿತ್ತು, ನಿಂತೇ ಹೋದೆ. ಫೋನ್ ಚಾರ್ಜ್ ಮುಗಿದಿತ್ತು. ದಾರಿಯುದ್ದಕ್ಕೂ ದಲ್ಲಾಳಿಯ ಮಾತು ತಲೆಯಲ್ಲಿ ಓಡುತ್ತಿತ್ತು. ಕೊಳ್ಳುವವರ, ಮಾರುವವರ ಬಳಿ ಈಗ ಪರಸ್ಪರರ ನಂಬರ್ ಇತ್ತು. ಕಾಗದ ಸಿದ್ಧವಿತ್ತು. ಅಷ್ಟರಲ್ಲಿ ಎಲ್ಲ ಮುಗಿಸಿ ಹೋಗಿದ್ದರೆ ನಾನು ಯಾರನ್ನೂ ಏನೂ ಕೇಳುವಂತಿರಲಿಲ್ಲ. ಕೂಡಿಸಿದವನು ನಾನೇ.

ಕಚೇರಿಯ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದರು. ಹಿರಿಯ, ತಮ್ಮ, ತಾಯಿ, ನರ್ಸ್, ತುದಿಯಲ್ಲಿ ದಲ್ಲಾಳಿ. ಎಲ್ಲರ ಕೈಯಲ್ಲೂ ಚಹಾ.

"ನಮ್ಮ ಹೆಸರು ಕರದು ಆಗ್ಯದ ಸರ್," ಎಂದರು ನರ್ಸ್. "ಹಿಂದಿನೋರಿಗೆ ಬಿಟ್ಟುಕೊಟ್ಟೀವಿ. ಕೂಡಿಸಿದೋರು ಬರೂತನಕ ಒಳಗ ಹೋಗಂಗಿಲ್ಲ ಅಂತ ಅಜ್ಜ ಹಟ ಹಿಡದು ಕುಂತಾರ."

"ಚಾ ಕುಡೀರಿ ಸರ್ರ," ಎಂದ ದಲ್ಲಾಳಿ, ನನ್ನ ಕಡೆ ನೋಡದೆ. "ಹೊರಗ ಕುಂತು ಚಾ ಕುಡಿಯೋ ಪಾಳಿ ಇವತ್ತ ಅವರದು."

ಲೋಟ ತೆಗೆದುಕೊಂಡೆ. ಆ ಹೊತ್ತಿನಲ್ಲಿ ನನಗಾದ ಸಮಾಧಾನವನ್ನು ದೊಡ್ಡದು ಮಾಡಿ ಬರೆಯಲು ಇಷ್ಟವಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು, ಪೂರ್ತಿ ಕುಡಿದೆ. ಸಹಿ, ಹೆಬ್ಬೆರಳು, ಫೋಟೊ ಎಲ್ಲ ಮುಗಿದು ಹೊರಬಂದ ಮೇಲೆ ನರ್ಸ್ ನನ್ನ ದಲ್ಲಾಳಿ ಹಣವನ್ನು, ಹಿರಿಯ ದೇವದುರ್ಗದವನ ದಲ್ಲಾಳಿ ಹಣವನ್ನು ಒಬ್ಬರ ಎದುರು ಇನ್ನೊಬ್ಬರು ಕೊಟ್ಟರು. ಯಾರೂ ಚೌಕಾಸಿ ಮಾಡಲಿಲ್ಲ. ಈ ಕೆಲಸದಲ್ಲಿ ನನಗೆ ಹಾಗೆ ಆದದ್ದು ಅದೇ ಮೊದಲು.

ಕೊನೆಯದನ್ನು ಬರೆಯುವಾಗ ಹೆಚ್ಚು ಎಚ್ಚರ ಬೇಕು. ಅದನ್ನು ನಾನೇ ನೋಡಿದೆನೋ, ನರ್ಸ್ ಹೇಳಿದ್ದನ್ನು ನೋಡಿದೆನೆಂದುಕೊಂಡಿದ್ದೇನೋ ಎಂಬ ಅನುಮಾನ ಈಗಲೂ ಇದೆ. ಅವರನ್ನು ಕೇಳಿದೆ. "ನೀವೂ ಇದ್ರಿ ಸರ್, ಆಟೋದಾಗ ಜೋಡೀಲೆ ಬಂದೀವಲ್ಲ," ಎಂದರು. ಇದ್ದೆ ಎಂದೇ ಇಟ್ಟುಕೊಳ್ಳುತ್ತೇನೆ.

ನೋಂದಣಿ ಮುಗಿಸಿ ಸಂಜೆಯೊಳಗೆ ಹೊಲಕ್ಕೆ ಹೋದೆವು. ತಾಯಿ ಬೇವಿನ ಮರದ ಬುಡದಲ್ಲಿ, ಸರಿಯಾಗಿ ದಾರಿ ಶುರುವಾಗುವ ಕಡೆ, ಬದುವಿನ ಮೇಲೆ ಕಾಲು ಚಾಚಿ ಕೂತು ಬುತ್ತಿ ಬಿಚ್ಚಿದಳು. ಇನ್ನೂ ಮೊದಲ ತುತ್ತು ಬಾಯಿ ಸೇರಿರಲಿಲ್ಲ, ಹಟ್ಟಿಯ ಕಡೆಯಿಂದ ಧೂಳೆದ್ದಿತು. ಹಿಂಡು ನೀರಿಗೆ ಹೊರಟಿತ್ತು. ಹಿಂದಿನಿಂದ ಹಿರಿಯ ಕೋಲೆತ್ತಿ ಕೂಗಿದ.

"ತಂಗೀ, ಏಳು! ಕುರಿ ಬಂದ್ವು!"

ಆಕೆ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದಳು.

"ನಾ ಏಳಂಗಿಲ್ಲಣ್ಣಾ," ಎಂದು ಕೂಗಿದಳು. "ಅತ್ತಾಗ ಹಾದು ಹೋಗ್ರಿ ಅಂತ ನಿನ್ನ ಕುರಿಗೇ ಹೇಳು."

ಕುರಿಗಳು ಬದುವಿನ ಹತ್ತಿರ ಬಂದು ಒಂದು ಕ್ಷಣ ತಡೆದವು. ಮುಂದಿನದು ಆಕೆಯನ್ನು ಬಳಸಿ ಎಡಕ್ಕೆ ಹಾದುಹೋಯಿತು. ಉಳಿದವು ಅದರ ಹಿಂದೆ ಹೋದವು. ಆಕೆ ಕೂತೇ ಉಂಡಳು.